ಲೆಕ್ಕದಿಂದ ಹೊರಗುಳಿದ ದಿನಗಳು

ವರ್ಷಕ್ಕೆ ಸರಿಯಾಗಿ 360 ದಿನ ಇದ್ದಿದ್ದರೆ ಪಂಚಾಂಗ ಬರೆಯುವವರ ಬದುಕು ಎಷ್ಟು ಹಗುರಾಗಿರುತ್ತಿತ್ತು! ಮೂವತ್ತು ದಿನದ ಹನ್ನೆರಡು ತಿಂಗಳು, ಎಲ್ಲವೂ ಒಂದೇ ಅಳತೆ, ಹೆಚ್ಚಿಲ್ಲ, ಕಡಿಮೆಯಿಲ್ಲ. ಆದರೆ ಭೂಮಿ ನಮ್ಮ ಅನುಕೂಲ ನೋಡಿಕೊಂಡು ಸುತ್ತುವುದಿಲ್ಲ. ಅದಕ್ಕೆ 365 ದಿನ ಬೇಕು, ಅದರ ಮೇಲೆ 5 ಗಂಟೆ 48 ನಿಮಿಷ 46 ಸೆಕೆಂಡು ಬೇಕು. ಹೀಗಾಗಿ ತಿಂಗಳಿಗೆ ಮೂವತ್ತರಂತೆ ಹಂಚಿದ ಮೇಲೂ ಐದು ದಿನ ಕೈಯಲ್ಲೇ ಉಳಿಯುತ್ತವೆ, ಒಂದಿಷ್ಟು ಚಿಲ್ಲರೆ ಗಂಟೆಗಳೂ ಉಳಿಯುತ್ತವೆ. ಒಂದು ನಾಡಿನ ಜನ ಈ ಉಳಿಕೆಯನ್ನು ಏನು ಮಾಡಿದರು ಎಂದು ನೋಡಿದರೆ ಅವರ ಸ್ವಭಾವ ತಿಳಿಯುತ್ತದೆ ಎಂಬುದು ನನ್ನ ನಂಬಿಕೆ.

ಪ್ರಾಚೀನ ಈಜಿಪ್ಟಿನವರು ಆ ಐದು ದಿನಗಳನ್ನು ಐದು ದೇವತೆಗಳ ಹುಟ್ಟುಹಬ್ಬಕ್ಕೆ ಬಿಟ್ಟುಕೊಟ್ಟರು: ಒಸೈರಿಸ್, ಹೋರಸ್, ಸೆತ್, ಐಸಿಸ್, ನೆಫ್ತಿಸ್. ಇಪ್ಪತ್ತು ದಿನದ ಹದಿನೆಂಟು ತಿಂಗಳು ಎಣಿಸುತ್ತಿದ್ದ ಮಾಯಾ ಜನಕ್ಕೂ ಕೊನೆಗೆ ಐದೇ ದಿನ ಉಳಿದವು. ಅವರಿಗೆ ಅವು ಕೆಟ್ಟ ದಿನಗಳು, ಮೈಯೆಲ್ಲ ಎಚ್ಚರವಾಗಿರಬೇಕಾದ ದಿನಗಳು. ಫ್ರಾನ್ಸಿನ ಕ್ರಾಂತಿಕಾರಿಗಳು 1793ರಲ್ಲಿ ತಂದ ಹೊಸ ಪಂಚಾಂಗದಲ್ಲಿ ಇದೇ ಐದು ದಿನಗಳನ್ನು ದುಡಿಮೆಗೊಂದು, ಪ್ರತಿಭೆಗೊಂದು ಎಂಬಂತೆ ಗುಣಗಳ ಹೆಸರಿನ ಹಬ್ಬ ಮಾಡಿದರು. ಆದರೆ ವಾರವನ್ನು ಹತ್ತು ದಿನಕ್ಕೆ ಎಳೆದು, ದುಡಿಯುವವರ ಬಿಡುವನ್ನು ಏಳು ದಿನಕ್ಕೊಮ್ಮೆಯಿಂದ ಹತ್ತು ದಿನಕ್ಕೊಮ್ಮೆಗೆ ತಂದರು. 1806ರ ಜನವರಿ 1ಕ್ಕೆ ಆ ಪಂಚಾಂಗವೇ ಇಲ್ಲವಾಯಿತು. ಜನರ ಬಿಡುವಿಗೆ ಕೈ ಹಾಕಿದ ಪಂಚಾಂಗ ಬಾಳುವುದು ಕಷ್ಟ.

ಇವೆಲ್ಲ ನೆಲದ ಮೇಲೆ ನಿಜವಾಗಿ ಇದ್ದ ನಾಡುಗಳ ಮಾತು. ನಾನು ಮತ್ತೆ ಮತ್ತೆ ಪ್ರೀತಿಯಿಂದ ತೆರೆಯುವ ಪಂಚಾಂಗವೊಂದಿದೆ. ಅದು ಎಲ್ಲೂ ಇಲ್ಲದ ನಾಡಿನದು. ಜೆ. ಆರ್. ಆರ್. ಟೋಲ್ಕೀನರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಯ ಮೂರನೆಯ ಸಂಪುಟ 1955ರ ಅಕ್ಟೋಬರಿನಲ್ಲಿ ಹೊರಬಂತು. ಕಥೆ ಮುಗಿದ ಮೇಲೆ ಅಲ್ಲಿ ಅನುಬಂಧಗಳ ಸಾಲು ಇದೆ. ಉಂಗುರ ಬೆಂಕಿಗೆ ಬಿತ್ತು, ಅರಸ ಪಟ್ಟವೇರಿದ, ಹೋದವರು ಮನೆಗೆ ಬಂದರು, ಇನ್ನೇನು ಎಂದು ಹೆಚ್ಚಿನವರು ಅಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ನಾಲ್ಕನೆಯ ಅನುಬಂಧ ಪೂರ್ತಿಯಾಗಿ ಪಂಚಾಂಗಕ್ಕೇ ಮೀಸಲು. ಕೆಲವೇ ಪುಟ, ಸಣ್ಣ ಅಕ್ಷರ, ಕೆಳಗೆ ಇನ್ನೂ ಸಣ್ಣ ಅಕ್ಷರದ ಅಡಿಟಿಪ್ಪಣಿ. ಒಂದು ಲೋಕವನ್ನು ಕಟ್ಟುವುದೆಂದರೇನು ಎಂದು ನನಗೆ ಅರಿವಾದದ್ದು ಕಾದಂಬರಿಯ ಯುದ್ಧಗಳಲ್ಲಿ ಅಲ್ಲ, ಆ ಅಡಿಟಿಪ್ಪಣಿಯಲ್ಲಿ.

ಮೊದಲು ಹಾಬಿಟ್‌ಗಳ ಪಂಚಾಂಗ ನೋಡೋಣ. ಹಾಬಿಟ್‌ಗಳೆಂದರೆ ಎರಡರಿಂದ ನಾಲ್ಕು ಅಡಿ ಎತ್ತರದ, ಉಣ್ಣುವುದರಲ್ಲಿ, ತೋಟ ಮಾಡುವುದರಲ್ಲಿ, ಹುಟ್ಟುಹಬ್ಬ ಆಚರಿಸುವುದರಲ್ಲಿ ಸುಖ ಕಾಣುವ ಜನ. ಅವರ ನಾಡು ಶೈರ್. ಅಲ್ಲಿ ಹನ್ನೆರಡು ತಿಂಗಳು, ಪ್ರತಿಯೊಂದಕ್ಕೂ ಮೂವತ್ತೇ ದಿನ. ಉಳಿದ ಐದನ್ನು ಅವರು ಯಾವ ತಿಂಗಳಿಗೂ ಸೇರಿಸಲಿಲ್ಲ. ಎರಡನ್ನು ವರ್ಷದ ಸಂಧಿಯಲ್ಲಿ ಇಟ್ಟರು: ಹಳೆಯ ವರ್ಷದ ಕೊನೆಯ ದಿನ, ಹೊಸ ವರ್ಷದ ಮೊದಲ ದಿನ. ಅವು ಯೂಲ್. ಮೂರನ್ನು ಬೇಸಿಗೆಯ ನಟ್ಟನಡುವೆ, ಜೂನ್ ಮತ್ತು ಜುಲೈ ನಡುವೆ ಇಟ್ಟರು. ಅವು ಲಿತ್. ಅಧಿಕ ವರ್ಷ ಬಂದರೆ ಲಿತ್‌ಗೆ ಇನ್ನೊಂದು ದಿನ ಕೂಡಿ ನಾಲ್ಕಾಗುತ್ತದೆ. ಆ ದಿನದ ಸಂಭ್ರಮ ವಿಶೇಷ. ಅಂದರೆ ಲೆಕ್ಕಕ್ಕೆ ಒಗ್ಗದೆ ಹೊರಗೆ ನಿಂತ ದಿನಗಳೆಲ್ಲ ಹಬ್ಬದ ದಿನಗಳೇ. ತಿಂಗಳು ದುಡಿಮೆಗೆ, ಉಳಿಕೆ ಊಟಕ್ಕೆ. ಇದಕ್ಕಿಂತ ಹಾಬಿಟ್‌ತನದ ವಿಂಗಡಣೆ ಇನ್ನೊಂದಿಲ್ಲ.

ಇಷ್ಟಕ್ಕೇ ನಿಲ್ಲದೆ ಅವರು ಇನ್ನೊಂದು ಹೆಜ್ಜೆ ಮುಂದೆ ಹೋದರು. 365ನ್ನು ಏಳರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ನಮ್ಮ ಹುಟ್ಟುಹಬ್ಬ ಈ ವರ್ಷ ಸೋಮವಾರ, ಮುಂದಿನ ವರ್ಷ ಮಂಗಳವಾರ ಎಂದು ಜರುಗುವುದು ಅದರಿಂದಲೇ. ಹಾಬಿಟ್‌ಗಳಿಗೆ ಈ ಜರುಗಾಟ ಸರಿಬರಲಿಲ್ಲ. ವರ್ಷದ ನಡುವಿನ ದಿನಕ್ಕೂ, ಅಧಿಕ ವರ್ಷದ ಹೆಚ್ಚುವರಿ ದಿನಕ್ಕೂ ವಾರದ ಹೆಸರೇ ಬೇಡ ಎಂದು ತೀರ್ಮಾನಿಸಿದರು. ಆ ದಿನ ಸೋಮವಾರವೂ ಅಲ್ಲ, ಶನಿವಾರವೂ ಅಲ್ಲ. ಬರಿಯ ನಡುವರ್ಷದ ದಿನ, ಅಷ್ಟೆ. ಅಲ್ಲಿಗೆ 364 ದಿನ ಉಳಿದವು, ಸರಿಯಾಗಿ 52 ವಾರ. ಅಂದಿನಿಂದ ಪ್ರತಿ ವರ್ಷವೂ ಶನಿವಾರ ಶುರುವಾಗಿ ಶುಕ್ರವಾರ ಮುಗಿಯುತ್ತದೆ.

ಇದನ್ನು ಕಾಗದದ ಮೇಲೆ ಬರೆದು ನೋಡಬೇಕು, ಆಗ ಇದರ ರುಚಿ ಗೊತ್ತಾಗುತ್ತದೆ. ಏಳು ಮನೆಯ ಸಾಲುಗಳನ್ನು ಎಳೆದೆ. ಮೊದಲ ಮನೆ ಶನಿವಾರ: ಹೊಸ ವರ್ಷದ ಯೂಲ್. ಮರುದಿನ ಭಾನುವಾರ, ಮೊದಲ ತಿಂಗಳ ಒಂದನೇ ತಾರೀಕು. ಮೂವತ್ತು ದಿನವೆಂದರೆ ನಾಲ್ಕು ವಾರ, ಮೇಲೆ ಎರಡು ದಿನ. ಹಾಗಾಗಿ ಎರಡನೆಯ ತಿಂಗಳು ಮಂಗಳವಾರ, ಮೂರನೆಯದು ಗುರುವಾರ, ನಾಲ್ಕನೆಯದು ಶನಿವಾರ, ಮುಂದೆ ಸೋಮವಾರ, ಬುಧವಾರ. ಅಲ್ಲಿಗೆ ಅರ್ಧ ವರ್ಷ. ಶುಕ್ರವಾರ ಲಿತ್‌ನ ಮೊದಲ ದಿನ, ಆಮೇಲೆ ವಾರವಿಲ್ಲದ ದಿನ, ಶನಿವಾರ ಲಿತ್‌ನ ಕೊನೆಯ ದಿನ. ಏಳನೆಯ ತಿಂಗಳು ಮತ್ತೆ ಭಾನುವಾರ. ಎರಡನೆಯ ಅರ್ಧ ಮೊದಲ ಅರ್ಧದ ಪಡಿಯಚ್ಚು. ಸೆಪ್ಟೆಂಬರ್ 1 ಗುರುವಾರ ಬಂತು, 22 ಕೂಡ ಗುರುವಾರ. ಬಿಲ್ಬೊ ಎಂಬ ಹಾಬಿಟ್ ತನ್ನ 111ನೇ ಹುಟ್ಟುಹಬ್ಬದ ಔತಣವಿಟ್ಟದ್ದು ಸೆಪ್ಟೆಂಬರ್ 22ರಂದು, ಗುರುವಾರ ಎಂದೇ ಮೊದಲ ಅಧ್ಯಾಯದಲ್ಲಿದೆ. ಪುಸ್ತಕದ ಮೊದಲ ಅಧ್ಯಾಯವೂ ನಾಲ್ಕನೆಯ ಅನುಬಂಧವೂ ನನ್ನ ಸೀಸದ ಕಡ್ಡಿಯ ಮೊನೆಯಲ್ಲಿ ಸಂಧಿಸಿದಾಗ ಆದ ಖುಷಿ ಸಣ್ಣದಲ್ಲ. ಇಂಥ ಒಂದು ಹಾಳೆ ಬರೆದು ಗೋಡೆಗೆ ತಗುಲಿಸಿದರೆ ಮುತ್ತಜ್ಜನಿಂದ ಮರಿಮಗನವರೆಗೆ ಸಾಕು. ಹಾಬಿಟ್‌ಗಳು ಕಾಗದ ಬರೆಯುವಾಗ ವಾರ ಬರೆಯುವ ಅಭ್ಯಾಸವನ್ನೇ ಬಿಟ್ಟರಂತೆ. ತಾರೀಕು ಹೇಳಿದರೆ ವಾರ ಹೇಳಿದಂತೆಯೇ ಅಲ್ಲವೆ?

ಹಾಳೆಯಲ್ಲಿ ಇನ್ನೊಂದು ಕಾಣುತ್ತದೆ: ಯಾವ ತಿಂಗಳೂ ಶುಕ್ರವಾರ ಶುರುವಾಗುವುದಿಲ್ಲ. ಆದ್ದರಿಂದ ಶೈರ್‌ನಲ್ಲಿ ‘ಒಂದನೇ ತಾರೀಕು ಶುಕ್ರವಾರ’ ಎಂಬುದೇ ಒಂದು ಗಾದೆಯಂತಾಯಿತು. ಎಂದೂ ಬಾರದ ದಿನ ಅದು. ಹಂದಿ ಹಾರುವ, ಮರ ನಡೆಯುವ ದಿನ. ಇಲ್ಲಿ ನಿಂತು ಮತ್ತೊಮ್ಮೆ ಓದಬೇಕು. ಕಾದಂಬರಿಯ ಆರಂಭದಲ್ಲಿ ಊರಿನ ಪಡಖಾನೆಯಲ್ಲಿ ಕೂತು ಸ್ಯಾಮ್ ಎಂಬ ಹಾಬಿಟ್, ಉತ್ತರದ ಬಯಲಲ್ಲಿ ಮರದಂಥದ್ದೊಂದು ನಡೆದುಹೋಯಿತಂತೆ ಎಂದಾಗ ಕೂತವರು ನಗುತ್ತಾರೆ. ಮುಂದೆ ಮರದಂಥ ಮೈಯ ಎಂಟ್‌ಗಳು ಐಸೆನ್‌ಗಾರ್ಡ್ ಕೋಟೆಯ ಮೇಲೆ ದಂಡೆತ್ತಿ ಹೋಗುತ್ತವೆ. ಪಂಚಾಂಗದಲ್ಲಿಲ್ಲದ ದಿನವೊಂದು ಕಥೆಯಲ್ಲಿ ಬಂದೇಬಿಡುತ್ತದೆ.

ವಾರದ ಹೆಸರಿಲ್ಲದ ದಿನ ಕಾದಂಬರಿಕಾರರೊಬ್ಬರ ಮನೋವಿಲಾಸ ಎಂದುಕೊಳ್ಳಬೇಕಿಲ್ಲ. ಅಮೆರಿಕದ ಎಲಿಸಬೆತ್ ಅಕೆಲಿಸ್ ಎಂಬಾಕೆ 1930ರಲ್ಲಿ ಒಂದು ಸಂಘ ಕಟ್ಟಿಕೊಂಡು, ಇದೇ ಬಗೆಯ ‘ವಿಶ್ವ ಪಂಚಾಂಗ’ಕ್ಕಾಗಿ ಹೋರಾಡಿದರು. ಅದರಲ್ಲೂ ವರ್ಷದ ಕೊನೆಗೆ ವಾರವಿಲ್ಲದ ಒಂದು ದಿನ, ಅಧಿಕ ವರ್ಷದಲ್ಲಿ ಜೂನ್ ಕೊನೆಗೆ ಇನ್ನೊಂದು. ವರ್ಷ ಯಾವಾಗಲೂ ಭಾನುವಾರ ಶುರು. 1954ರಲ್ಲಿ ವಿಶ್ವಸಂಸ್ಥೆಯ ಮುಂದೆ ಈ ಪ್ರಸ್ತಾಪ ಇಟ್ಟದ್ದು ಭಾರತ. ನಮ್ಮ ಪಂಚಾಂಗ ಸುಧಾರಣಾ ಸಮಿತಿಯ ಅಧ್ಯಕ್ಷರಾಗಿದ್ದ ಖಭೌತ ವಿಜ್ಞಾನಿ ಮೇಘನಾದ ಸಹಾ ಅದರ ಪರ ವಾದಿಸಲು ಜಿನೀವಾಕ್ಕೆ ಹೋಗಿದ್ದರು. ಟೋಲ್ಕೀನರ ಕಾದಂಬರಿಯ ಮೊದಲ ಸಂಪುಟ ಹೊರಬಂದದ್ದೂ ಅದೇ ವರ್ಷ. ಸಹಾ ಅವರ ಬಗ್ಗೆ ನನಗೆ ಅಪಾರ ಗೌರವ. ಆದರೂ ಆ ಪ್ರಸ್ತಾಪ ಬಿದ್ದುಹೋದದ್ದು ಏಕೆಂದು ನನಗೆ ಅರ್ಥವಾಗುತ್ತದೆ. ಏಳು ದಿನಕ್ಕೊಮ್ಮೆ ಸಬ್ಬತ್ ಆಚರಿಸುವವರಿಗೆ ಆ ಎಣಿಕೆ ಸಾವಿರಾರು ವರ್ಷಗಳಿಂದ ತುಂಡಾಗದೆ ಬಂದದ್ದು. ನಡುವೆ ಹೆಸರಿಲ್ಲದ ದಿನ ತುರುಕಿದರೆ ಅವರ ಪವಿತ್ರ ದಿನ ಪ್ರತಿ ವರ್ಷ ಒಂದೊಂದು ಮನೆ ಜಾರುತ್ತದೆ. 1955ರಲ್ಲಿ ಅಮೆರಿಕ ಒಪ್ಪುವುದಿಲ್ಲ ಎಂದಿತು. ಹಾಬಿಟ್‌ಗಳಿಗೆ ವಾರದ ದೇವರಿಲ್ಲ, ವಾರದ ವ್ರತವಿಲ್ಲ; ಶುಕ್ರವಾರ ಮಧ್ಯಾಹ್ನದ ಮೇಲೆ ರಜೆ, ಸಂಜೆ ಔತಣ, ಅಷ್ಟು ನಡೆದರೆ ಸಾಕು.

ಎಲ್ಫ್‌ಗಳ ಪಂಚಾಂಗ ಬೇರೆಯದೇ ಗತ್ತಿನದು. ಸಾವಿಲ್ಲದವರು ಅವರು. ಅವರ ಒಂದು ‘ಯೇನ್’ ಎಂದರೆ ನಮ್ಮ 144 ವರ್ಷ. ಸಣ್ಣ ವರ್ಷವನ್ನು ಆರು ಋತುಗಳಾಗಿ ಒಡೆದರು. ಆರು ಋತು ನಮಗೇನೂ ಹೊಸದಲ್ಲ, ಆದರೆ ಅವರ ಋತುಗಳು ಸಮನಲ್ಲ: ಬೇಸಿಗೆ ಮತ್ತು ಚಳಿಗಾಲಕ್ಕೆ 72 ದಿನ, ಉಳಿದ ನಾಲ್ಕಕ್ಕೆ 54. ಆ ನಾಲ್ಕರಲ್ಲಿ ಎಲೆ ಉದುರುವುದಕ್ಕೇ ಒಂದು ಋತು. ಚಳಿ ಕಳೆದು ಚಿಗುರು ಬರುವ ಮುನ್ನ ನೆಲದೊಳಗೆ ಜೀವ ಮಿಸುಕುವುದಕ್ಕೇ ಒಂದು ಋತು. ಇನ್ನೂ ಏನೂ ಕಣ್ಣಿಗೆ ಕಾಣದ 54 ದಿನಗಳನ್ನು ಗಮನಿಸಿ ಹೆಸರಿಡಬೇಕಾದರೆ ಎಂಥ ತಾಳ್ಮೆ ಬೇಕು! ಸಾವಿಲ್ಲದವರಿಗೇ ಅದು ಸಾಧ್ಯವೇನೋ.

ಇನ್ನು ಗೊಂಡೋರ್. ಇದು ಅರಸರ ನಾಡು. ಇದರ ಪಂಚಾಂಗ ಮುಳುಗಿಹೋದ ಹಿರಿಯರ ದ್ವೀಪ ನೂಮೆನೋರ್‌ನಿಂದ ಬಂದದ್ದು. ನಾನು ಹೇಳಿದ ಅಡಿಟಿಪ್ಪಣಿ ಇದರದ್ದು. ನಾಲ್ಕು ವರ್ಷಕ್ಕೊಂದು ಅಧಿಕ ದಿನ, ಶತಮಾನದ ಕೊನೆಯ ವರ್ಷಕ್ಕೆ ಮಾತ್ರ ಇಲ್ಲ, ಸಾವಿರ ವರ್ಷ ತುಂಬಿದಾಗ ಎರಡು ದಿನ ಸೇರ್ಪಡೆ. ಇಷ್ಟೆಲ್ಲ ಮಾಡಿದರೂ ಸಾವಿರ ವರ್ಷಕ್ಕೆ 4 ಗಂಟೆ 46 ನಿಮಿಷ 40 ಸೆಕೆಂಡು ಕೊರತೆ ಬೀಳುತ್ತಿತ್ತು ಎಂದು ಟೋಲ್ಕೀನ್ ಬರೆಯುತ್ತಾರೆ. ಇಷ್ಟು ನಿಖರವಾದ ಸಂಖ್ಯೆ ಕಂಡರೆ ಸುಮ್ಮನೆ ದಾಟಿಹೋಗಲು ಮನಸ್ಸು ಬರುವುದಿಲ್ಲ. 5 ಗಂಟೆ 48 ನಿಮಿಷ 46 ಸೆಕೆಂಡನ್ನು ಸೆಕೆಂಡಿಗೆ ಇಳಿಸಿದರೆ 20,926. ಸಾವಿರ ವರ್ಷಕ್ಕೆ 2,09,26,000. ದಿನಕ್ಕೆ 86,400ರಂತೆ ಭಾಗಿಸಿದರೆ 242 ದಿನ, ಉಳಿಕೆ 17,200 ಸೆಕೆಂಡು. ಸೇರಿಸಿದ ಅಧಿಕ ದಿನಗಳು 250ರಲ್ಲಿ 10 ಕಳೆದು, 2 ಕೂಡಿ 242. ಉಳಿದ 17,200 ಸೆಕೆಂಡೆಂದರೆ 4 ಗಂಟೆ 46 ನಿಮಿಷ 40 ಸೆಕೆಂಡು. ಒಂದೇ ಒಂದು ಸೆಕೆಂಡೂ ಆಚೀಚೆ ಇಲ್ಲ! ನಾವು ಇಂದು ಬಳಸುವ ಗ್ರೆಗೋರಿಯನ್ ಪಂಚಾಂಗಕ್ಕೆ ಇದೇ ಲೆಕ್ಕ ಹಾಕಿದರೆ ಸಾವಿರ ವರ್ಷಕ್ಕೆ ಏಳು ಗಂಟೆಗಿಂತ ಹೆಚ್ಚು ತಪ್ಪು ಬರುತ್ತದೆ. ಇಲ್ಲದ ದ್ವೀಪದ ಪಂಚಾಂಗ ಇರುವ ಲೋಕದ ಪಂಚಾಂಗಕ್ಕಿಂತ ಸೂರ್ಯನಿಗೆ ಹತ್ತಿರ.

ಇದಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸುವುದು ಆ ಲೆಕ್ಕ ಕೆಡುತ್ತ ಹೋದ ಬಗೆ. ದ್ವೀಪ ಮುಳುಗಿತು. ಬದುಕುಳಿದವರು ಹೊಸ ನೆಲದಲ್ಲಿ ರಾಜ್ಯ ಕಟ್ಟಿದರು. ಮಹಾಯುದ್ಧವೊಂದು ಮುಗಿದ ಮೇಲೆ ಹೊಸ ಯುಗವೆಂದು ಸಾರಿ ಮತ್ತೆ ಒಂದರಿಂದ ವರ್ಷ ಎಣಿಸಿದರು. ಆ ಭರದಲ್ಲಿ ಅಧಿಕ ವರ್ಷದ ಸರದಿ ಒಂದು ವರ್ಷ ತಪ್ಪಿತು. ಸಾವಿರ ವರ್ಷದ ಸೇರ್ಪಡೆ 441 ವರ್ಷ ತಡವಾಗಿ ನಡೆಯಿತು. ಮುಂದೆ ಅರಸರ ವಂಶ ನಿಂತುಹೋಗಿ ದಿವಾನರು ಗದ್ದುಗೆಯ ಪರವಾಗಿ ಆಳತೊಡಗಿದರು. ಅವರಲ್ಲಿ ಮೊದಲಿಗ ಮಾರ್ಡಿಲ್. ಅರಸ ವೈರಿಯ ಸವಾಲಿಗೆ ಓಗೊಟ್ಟು ಹೋಗಿ ಮರಳಲಿಲ್ಲ. ಅದಾಗಿ ಹತ್ತು ವರ್ಷಕ್ಕೆ, 2060ರಲ್ಲಿ, ಈ ದಿವಾನ ಕೂತು ಪಂಚಾಂಗ ತಿದ್ದಿದ. ಹಿಂದಿನ ವರ್ಷಕ್ಕೆ ಎರಡು ದಿನ ಸೇರಿಸಿದ, ತಿಂಗಳುಗಳನ್ನೆಲ್ಲ ಮೂವತ್ತಕ್ಕೆ ಸಮ ಮಾಡಿದ, ಉಳಿದ ಐದು ದಿನಗಳನ್ನು ವರ್ಷದ ಆದಿ, ಅಂತ್ಯ, ನಡು, ವಸಂತ, ಸುಗ್ಗಿ ಎಂದು ಹಂಚಿ ಐದನ್ನೂ ರಜೆ ಮಾಡಿದ. ಆದರೂ ಸುಮಾರು ಎಂಟು ಗಂಟೆಯ ಕೊರತೆ ಉಳಿಯಿತು. ಮುನ್ನೂರು ವರ್ಷ ಕಳೆದು ಹಾಡೋರ್ ಎಂಬ ದಿವಾನ ಒಂದು ದಿನ ಸೇರಿಸಿದ, ಕೊರತೆ ಇನ್ನೂ ಪೂರ್ತಿ ಒಂದು ದಿನ ಆಗಿರಲಿಲ್ಲವಾದರೂ. ಆಮೇಲೆ 3000ನೆಯ ವರ್ಷ ಬಂತು. ಆಗ ಮಾಡಬೇಕಿದ್ದ ತಿದ್ದುಪಡಿಯನ್ನು ಯಾರೂ ಮಾಡಲಿಲ್ಲ. ಯುದ್ಧ ಬಾಗಿಲಿಗೆ ಬಂದಿತ್ತು.

ಮೂಡಣ ದಿಕ್ಕಿನಲ್ಲಿ ವೈರಿಯ ನಾಡು ಮತ್ತೆ ಹೊಗೆಯಾಡುತ್ತಿರುವಾಗ ಸೂರ್ಯನಿಗೆ ಸಲ್ಲಬೇಕಾದ ಗಂಟೆಗಳ ಲೆಕ್ಕ ಯಾರಿಗೆ ಬೇಕು? ಒಂದು ರಾಜ್ಯ ಹೆದರಿ ಕೂತಿತ್ತು ಎಂದು ತೋರಿಸಲು ಕಾದಂಬರಿಕಾರ ನೂರು ಪುಟ ಬರೆದಾನು. ಇಲ್ಲಿ ಪಂಚಾಂಗದ ಒಂದು ಕಸುಬು ನಿಂತುಹೋಯಿತು ಎಂಬ ಆವರಣದೊಳಗಿನ ಒಂದು ವಾಕ್ಯ ಅಷ್ಟನ್ನೂ ಹೇಳುತ್ತದೆ. ತಪ್ಪೇ ಇಲ್ಲದ ಪಂಚಾಂಗವನ್ನು ಒಬ್ಬನೇ ಕೂತು ಒಂದು ರಾತ್ರಿಯಲ್ಲಿ ಬರೆಯಬಹುದು. ತಪ್ಪಿದ್ದು, ತಿದ್ದಿದ್ದು, ತಿದ್ದಿದ ಮೇಲೂ ಉಳಿದದ್ದು, ಕೊನೆಗೆ ತಿದ್ದಲು ಪುರಸೊತ್ತಿಲ್ಲದೆ ಬಿಟ್ಟದ್ದು ಇವೆಲ್ಲ ಸೇರಬೇಕಾದರೆ ಆ ಪಂಚಾಂಗವನ್ನು ಬಳಸಿದ ಜನ ಇರಲೇಬೇಕು. ಇಲ್ಲದ ಗೊಂಡೋರ್ ನನ್ನ ಮಟ್ಟಿಗೆ ಇದ್ದದ್ದು ಇದರಿಂದ.

ಟೋಲ್ಕೀನರಿಗೆ ಈ ಶ್ರದ್ಧೆ ಹಗುರವಾಗಿ ಬಂದದ್ದಲ್ಲ. 1944ರ ಮೇ ತಿಂಗಳಲ್ಲಿ ಮಗ ಕ್ರಿಸ್ಟೊಫರ್‌ಗೆ ಬರೆದ ಕಾಗದದಲ್ಲಿ ಅವರು ಚಂದ್ರನ ಕಾಟ ಹೇಳಿಕೊಳ್ಳುತ್ತಾರೆ. ಕಥೆಯ ಮಂದಿ ದಿಕ್ಕಿಗೊಬ್ಬರಂತೆ ಚದುರಿದ್ದರು; ಒಂದು ಸೀಮೆಯಲ್ಲಿ ಚಂದ್ರ ಹುಟ್ಟುವ ಹೊತ್ತಿಗೇ ಇನ್ನೊಂದು ಸೀಮೆಯಲ್ಲಿ ಮುಳುಗುತ್ತಿದ್ದ. ಅದನ್ನು ಸರಿಪಡಿಸಲು ಹಿಂದಿನ ಅಧ್ಯಾಯಗಳನ್ನು ಮತ್ತೆ ಬರೆಯಬೇಕಾಯಿತು. ಯಾವ ಓದುಗನೂ ಗಮನಿಸದೆ ಇರಬಹುದಾದ ಚಂದ್ರನಿಗಾಗಿ ಒಂದಿಡೀ ಮಧ್ಯಾಹ್ನ! ಕಥೆಯೊಳಗೂ ಚಂದ್ರನೇ ಸಾಕ್ಷಿ ಹೇಳುತ್ತಾನೆ. ಎಲ್ಫ್‌ಗಳ ಕಾಡು ಲೋತ್‌ಲೋರಿಯನ್‌ನಿಂದ ಹೊರಬಿದ್ದು ದೋಣಿಯಲ್ಲಿ ಸಾಗುವಾಗ ಸ್ಯಾಮ್ ಎಳೆಯ ಚಂದ್ರನನ್ನು ನೋಡಿ, ಕತ್ತಿಯ ಹಿಡಿಯ ಮೇಲೆ ಬೆರಳು ತಟ್ಟುತ್ತ ಲೆಕ್ಕ ಹಾಕುತ್ತಾನೆ. ಅವನ ನೆನಪಿಗೆ ಬರುವುದು ಕೆಲವೇ ರಾತ್ರಿ. ನಿಜವಾಗಿ ಕಳೆದದ್ದು ಸುಮಾರು ಒಂದು ತಿಂಗಳು.

ಯುದ್ಧ ಗೆದ್ದದ್ದಾಯಿತು. ವೈರಿ ಸೌರನ್ ಬಿದ್ದ ದಿನ ಮಾರ್ಚ್ 25. ಮರಳಿ ಬಂದ ಅರಸ ಆರಗಾರ್ನ್‌ನ ಗೊಂಡೋರ್‌ನಲ್ಲಿ ಇನ್ನು ಮುಂದೆ ವರ್ಷಾರಂಭ ಅಂದೇ. ಈ ತಾರೀಕನ್ನು ಟೋಲ್ಕೀನ್ ಸುಮ್ಮನೆ ಆರಿಸಿಕೊಂಡಿರಲಾರರು. ಅವರು ನಿಷ್ಠಾವಂತ ಕ್ಯಾಥೊಲಿಕ್. ಮರಿಯಮ್ಮನಿಗೆ ದೇವದೂತನ ಸುವಾರ್ತೆ ಬಂದ ಹಬ್ಬ ಮಾರ್ಚ್ 25. ಇಂಗ್ಲೆಂಡಿನಲ್ಲೂ 1752ರ ಸುಧಾರಣೆಯವರೆಗೆ ಕಾನೂನಿನ ಪ್ರಕಾರ ಹೊಸ ವರ್ಷ ಶುರುವಾಗುತ್ತಿದ್ದದ್ದು ಅಂದೇ.

ಆದರೆ ನನ್ನ ಕಣ್ಣು ನಿಲ್ಲುವುದು ಹೊಸ ಪಂಚಾಂಗದ ಇನ್ನೊಂದು ಏರ್ಪಾಟಿನ ಮೇಲೆ. ಸೆಪ್ಟೆಂಬರ್ 22, ಉಂಗುರ ಹೊತ್ತು ನಡೆದ ಹಾಬಿಟ್ ಫ್ರೋಡೊನ ಹುಟ್ಟುಹಬ್ಬ. ಆ ದಿನವನ್ನು ಹಬ್ಬ ಮಾಡಿದರು. ಅಧಿಕ ವರ್ಷ ಬಂದಾಗ ಹೆಚ್ಚುವರಿ ದಿನವನ್ನು ಬೇರೆಲ್ಲೂ ಹಾಕದೆ ಆ ಹಬ್ಬವನ್ನೇ ಎರಡು ದಿನ ಮಾಡಿದರು. ಅಂದರೆ ಸೂರ್ಯನ ಚಿಲ್ಲರೆ ಗಂಟೆಗಳೆಲ್ಲ ನಾಲ್ಕು ವರ್ಷ ಕೂಡಿ ಕೂಡಿ ಒಬ್ಬ ಹಾಬಿಟ್‌ನ ಹೆಸರಿಗೆ ಸಲ್ಲುತ್ತವೆ.

ನಮ್ಮ ಅಧಿಕ ಮಾಸ ನೆನಪಾಗದೆ ಇರುವುದು ಹೇಗೆ? ಚಾಂದ್ರ ವರ್ಷ ಸೌರ ವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಚಿಕ್ಕದು. ಆ ಕೊರತೆ ಬೆಳೆದು ಹೆಚ್ಚೂಕಡಿಮೆ ಎರಡು ವರ್ಷ ಎಂಟು ತಿಂಗಳಿಗೊಮ್ಮೆ ಒಂದು ತಿಂಗಳೇ ಹೆಚ್ಚಾಗುತ್ತದೆ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಮಲಮಾಸವೆಂಬ ಹೆಸರು ಬೇರೆ. ಯಾರಿಗೂ ಬೇಡವಾದ ಆ ತಿಂಗಳು ವಿಷ್ಣುವಿನ ಬಳಿ ಹೋಗಿ ಅತ್ತಾಗ, ಅವನು ತನ್ನದೇ ಹೆಸರು ಕೊಟ್ಟು ಅದನ್ನು ಪುರುಷೋತ್ತಮ ಮಾಸ ಮಾಡಿದ ಎನ್ನುತ್ತದೆ ಪುರಾಣ. ಆ ತಿಂಗಳಲ್ಲಿ ಮೂವತ್ತಮೂರು ಕಜ್ಜಾಯ ಎಣಿಸಿ ಬಾಗಿನ ಕೊಡುವ ಮನೆಗಳು ಇಂದಿಗೂ ಇವೆ. ಉಳಿಕೆಯ ಕಾಲಕ್ಕೆ ಗೌರವ ಕೊಡಬೇಕೆಂಬ ಮನಸ್ಸು ಗೊಂಡೋರ್‌ನಲ್ಲೂ ನಮ್ಮಲ್ಲೂ ಒಂದೇ.

ಫ್ರೋಡೊ ಮಾತ್ರ ಬೇರೆ ಪಂಚಾಂಗವನ್ನು ಮೈಯಲ್ಲೇ ಹೊತ್ತಿದ್ದ. ಅಕ್ಟೋಬರ್ 6ಕ್ಕೆ ಅವನ ಹೆಗಲಿನ ಹಳೆಯ ಇರಿತ ಮರಳಿ ನೋಯುತ್ತದೆ, ಮಾರ್ಚ್ 13ಕ್ಕೆ ಜೇಡನ ವಿಷದ ಕಾಯಿಲೆ ಮರುಕಳಿಸುತ್ತದೆ. ಹೇಳದೆ ಕೇಳದೆ ಹಾಸಿಗೆ ಹಿಡಿಯುತ್ತಾನೆ. ಸುತ್ತಲಿನವರಿಗೆ ಅವು ಬರಿಯ ತಾರೀಕುಗಳು. ಸ್ವಂತ ಊರಿನಲ್ಲಿ ಅವನಿಗೆ ಸಿಕ್ಕ ಮರ್ಯಾದೆ ಅಷ್ಟರಲ್ಲೇ ಇತ್ತು, ಸ್ಯಾಮ್‌ಗೆ ಅದೊಂದು ಸಂಕಟ. ಗೊಂಡೋರ್ ಹೊಸ ಯುಗದ ಮೊದಲ ವರ್ಷ ಎಣಿಸುತ್ತಿದ್ದಾಗ, ಸೆಪ್ಟೆಂಬರ್ 29ರಂದು, ಫ್ರೋಡೊ ಹಡಗು ಹತ್ತಿ ಹೊರಟುಹೋದ.

ಶೈರ್‌ನವರು ಪಂಚಾಂಗದಲ್ಲಿ ಹೆಚ್ಚೇನನ್ನೂ ಬದಲಿಸಲಿಲ್ಲ. ಮಾರ್ಚ್ 25 ಅವರಿಗೆ ಹಬ್ಬವಾಗಲಿಲ್ಲ. ಆದರೆ ಹಾಬಿಟನ್ ಕಡೆಯಲ್ಲಿ ಏಪ್ರಿಲ್ 6ರಂದು, ಹವೆ ಚೆನ್ನಾಗಿದ್ದರೆ, ಬಿಲ್ಬೊನ ಔತಣ ನಡೆದಿದ್ದ ಮೈದಾನದಲ್ಲಿ ಸೇರಿ ಕುಣಿಯುವ ರೂಢಿ ಬಂತು. ಏಕೆಂದು ಕೇಳಿದರೆ ಮೂರು ಉತ್ತರ. ಅದು ಮುದುಕ ಸ್ಯಾಮ್‌ನ ಹುಟ್ಟುಹಬ್ಬ ಎಂದು ಕೆಲವರು, ಅವನು ನೆಟ್ಟ ಚಿನ್ನದ ಮರ ಮೊದಲ ಸಲ ಹೂ ಬಿಟ್ಟ ದಿನ ಎಂದು ಕೆಲವರು, ಎಲ್ಫ್‌ಗಳ ಹೊಸ ವರ್ಷ ಎಂದು ಇನ್ನು ಕೆಲವರು. ನಿಜವಾದ ಹಬ್ಬದ ಲಕ್ಷಣ ಇದು. ಯಾವ ಅರಸನೂ ಸಾರಿದ್ದಲ್ಲ, ಯಾವ ದಿವಾನನೂ ಲೆಕ್ಕ ಹಾಕಿದ್ದಲ್ಲ. ಕುಣಿಯುವವರಿಗೆ ಕಾರಣ ಒಂದೇ ಇರಬೇಕೆಂದೂ ಇಲ್ಲ. ಇನ್ನು ಬಕ್‌ಲ್ಯಾಂಡ್ ಕಡೆಯವರು ಪ್ರತಿ ನವೆಂಬರ್ 2ರ ಸೂರ್ಯ ಮುಳುಗುವ ಹೊತ್ತಿಗೆ ಕುದುರೆ ಸವಾರರ ನಾಡಿನಿಂದ ಬಂದ ಕೊಂಬು ಊದುತ್ತಾರೆ. ಆಮೇಲೆ ಬೆಂಕಿ ಹಾಕಿ, ಔತಣ ಮಾಡುತ್ತಾರೆ.